ಬಿಲ್ಲು ಕಟ್ಟಲಾಗದ ಮನೆ: ಮಂಗಳೂರಿನ ಒಂದು ಇಲಿಜ್ವರ ಪ್ರಕರಣದ ಲೆಕ್ಕ

ಮಂಗಳವಾರ ರಾತ್ರಿ 11.52ಕ್ಕೆ ತುರ್ತು ಚಿಕಿತ್ಸಾ ವಿಭಾಗದ ಕೌಂಟರಿನಲ್ಲಿ ಚೀಟಿ ಮಾಡಿಸುವಾಗ ಕೇಳಿದ್ದು ಒಂದೇ ಪ್ರಶ್ನೆ: "ಕ್ಯಾಶಾ, ಆಯುಷ್ಮಾನಾ?" ರೋಗಿಯ ಹೆಂಡತಿ, "ಕ್ಯಾಶ್ ಕಟ್ತೇವೆ ಸರ್, ಮೊದಲು ಒಳಗೆ ತಗೊಳ್ಳಿ" ಎಂದರು. ಕೌಂಟರಿನವರು ತೋರಿಸಿದ ಮೂರು ಜಾಗದಲ್ಲಿ ಸಹಿ ಹಾಕಿದರು. ಮೂರನೆಯ ಸಹಿ ಇದ್ದದ್ದು "ಸರ್ಕಾರಿ ಯೋಜನೆಯ ಸೌಲಭ್ಯ ಬೇಡ, ಖರ್ಚನ್ನು ನಾವೇ ಭರಿಸುತ್ತೇವೆ" ಎಂಬ ಒಪ್ಪಿಗೆಯ ಕೆಳಗೆ. ಮುಂದಿನ ಮೂರು ದಿನಗಳಲ್ಲಿ ಬೆಳೆದ ₹1,55,850ರ ಬಿಲ್ಲು ಹುಟ್ಟಿದ್ದು ಆ ಸಹಿಯಿಂದ.

ಇಲ್ಲಿ ಬರೆದಿರುವುದು ಯಾವುದೋ ಒಬ್ಬ ರೋಗಿಯ ಕಡತವಲ್ಲ. ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ಮನೆಗೆ ಜೋಡಿಸಿ, ಬಿಲ್ಲಿನ ಲೆಕ್ಕ ಮೊದಲಿನಿಂದ ಕೊನೆಯ ತನಕ ಕಾಣುವಂತೆ ಮಾಡಿದ್ದೇವೆ. ಬಿಲ್ಲಿನ ಅಂಕಿಗಳನ್ನೂ ಹಾಗೆಯೇ ಓದಬೇಕು. ದರ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ, ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ.

ರೋಗಿಗೆ 46 ವರ್ಷ. ಬಂಟ್ವಾಳ ತಾಲೂಕಿನವರು, ಅಡಿಕೆ ತೋಟದಲ್ಲಿ ದಿನಗೂಲಿ. ಹೆಂಡತಿ ಬೀಡಿ ಕಟ್ಟುತ್ತಾರೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಜುಲೈ ತಿಂಗಳು, ತೋಟದ ಕಣಿಗಳಲ್ಲಿ ನೀರು ತುಂಬಿತ್ತು. ಐದು ದಿನ ಜ್ವರ, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು. ಹತ್ತಿರದ ಕ್ಲಿನಿಕ್ಕಿನಲ್ಲಿ ಎರಡು ಸಲ ಇಂಜೆಕ್ಷನ್ ಆಯಿತು. ಐದನೆಯ ದಿನ ಕಣ್ಣು ಹಳದಿಯಾಯಿತು, ಮೂತ್ರ ಕಪ್ಪಾಗಿ ಆಮೇಲೆ ನಿಂತೇಹೋಯಿತು, ಉಸಿರು ಏರತೊಡಗಿತು. ನೆರೆಮನೆಯವರ ಜೀಪಿನಲ್ಲಿ ನೇರ ಮಂಗಳೂರಿನ ಖಾಸಗಿ ಆಸ್ಪತ್ರೆಗೆ ಬಂದರು. ಬಂಟ್ವಾಳದ ತಾಲೂಕು ಆಸ್ಪತ್ರೆಯಲ್ಲಿ ನಿಲ್ಲಲಿಲ್ಲ, ಮಂಗಳೂರಿನ ಸರ್ಕಾರಿ ಜಿಲ್ಲಾಸ್ಪತ್ರೆಯಾದ ವೆನ್ಲಾಕಿಗೂ ಹೋಗಲಿಲ್ಲ.

ಇದು ಇಲಿಜ್ವರ, ಇಲಿಯ ಮೂತ್ರ ಬೆರೆತ ನೀರು, ಕೆಸರಿನಿಂದ ತಗಲುವ ಕಾಯಿಲೆ. ಅದರ ಔಷಧ ದುಬಾರಿಯಲ್ಲ. ಪೆನ್ಸಿಲಿನ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್ ಇವೇ ಮುಖ್ಯ. ಮೊದಲ ಎರಡು ಮೂರು ದಿನಗಳಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ತೋಟದ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಹೇಳಿದ್ದರೆ ಚಿಕಿತ್ಸೆ ಮಾತ್ರೆಯಲ್ಲಿ ಮುಗಿಯುವ ಸಾಧ್ಯತೆ ಹೆಚ್ಚಿತ್ತು. ಕಿಡ್ನಿ ಮತ್ತು ಶ್ವಾಸಕೋಶಕ್ಕೆ ಹಬ್ಬಿದ ಮೇಲೆ ಖರ್ಚು ಬರುವುದು ಐಸಿಯು ಹಾಸಿಗೆ, ಡಯಾಲಿಸಿಸ್, ಆರು ತಾಸಿಗೊಮ್ಮೆ ಆಗುವ ರಕ್ತಪರೀಕ್ಷೆ ಮತ್ತು ಪ್ಲೇಟ್‌ಲೆಟ್‌ನಿಂದ. ಈ ರೋಗಿಗೆ ದಾಖಲಾಗುವಾಗ, ಕಿಡ್ನಿಯ ಕೆಲಸ ಕುಸಿದಷ್ಟೂ ಏರುವ ಕ್ರಿಯಾಟಿನಿನ್ 6.8 ಇತ್ತು, ಪ್ಲೇಟ್‌ಲೆಟ್ 22,000. ಮಾಸ್ಕಿನ ಮೂಲಕ ಉಸಿರಾಟಕ್ಕೆ ನೆರವು ಕೊಡುವ ಯಂತ್ರ ಎರಡು ದಿನ ಬೇಕಾಯಿತು. ಒಟ್ಟು ನಾಲ್ಕು ಡಯಾಲಿಸಿಸ್, ಹತ್ತು ದಿನದ ವಾಸ.

"ಕ್ಯಾಶ್" ಎಂದದ್ದು ಏಕೆ? ಕಾರ್ಡಿನ ರೋಗಿಯೆಂದರೆ ಕಾಯಿಸುತ್ತಾರೆ, ಹಾಸಿಗೆ ಇಲ್ಲ ಎನ್ನುತ್ತಾರೆ ಎಂಬ ಭಯದಿಂದ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ, ಯಾರದೋ ಮನೆಯಲ್ಲಿ ಆದದ್ದನ್ನು ಕೇಳಿಯೇ ಬಂದಿರುತ್ತದೆ. ಹಾಗಾಗಿ ಇಂಥ ಮನೆಯವರನ್ನು ಗದರಿಸಿ ಪ್ರಯೋಜನವಿಲ್ಲ. ಅವರು ತಿಳಿದಿರಬೇಕಾದದ್ದು ಇಷ್ಟು: ತುರ್ತು ರೋಗಿಗೆ ಮೊದಲು ಚಿಕಿತ್ಸೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಮುಂಗಡ ಹಣಕ್ಕಾಗಿ ತುರ್ತು ಚಿಕಿತ್ಸೆ ತಡೆಯಬಾರದು ಎನ್ನುತ್ತದೆ. ಕೌಂಟರಿನಲ್ಲಿ ಹೇಳಬೇಕಾದ ಮಾತು, "ಬಿಪಿಎಲ್ ಕಾರ್ಡು ಉಂಟು, ಈಗ ಕೈಯಲ್ಲಿ ಇಲ್ಲ. ಬೆಳಿಗ್ಗೆ ತರುತ್ತೇವೆ. ಯೋಜನೆ ಬೇಡ ಎಂಬಲ್ಲಿ ಸಹಿ ಹಾಕುವುದಿಲ್ಲ." ಮನೆಯವರು ಕಾರ್ಡು ತರಲು ಹೊರಡುವಾಗ ರೋಗಿ ಐಸಿಯು ಒಳಗೆ ಇರುತ್ತಾನೆ.

ಯೋಜನೆಯ ನಿಯಮ ಚುಟುಕಾಗಿ ಹೇಳುವುದಾದರೆ, ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಎರಡೂ 2018ರಿಂದ ಒಟ್ಟಾಗಿ ನಡೆಯುತ್ತಿವೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನಿರ್ವಹಿಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದ ತನಕ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ ₹1.5 ಲಕ್ಷದ ಮಿತಿಯಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿಯೊಂದಿಗೆ ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಬರಬೇಕು. ತುರ್ತು ಪಟ್ಟಿಯಲ್ಲಿರುವ, ಆಡುಮಾತಿನಲ್ಲಿ "4ಎ" ಎನ್ನುವ ಚಿಕಿತ್ಸೆಗಳಿಗೆ ಮಾತ್ರ ರೆಫರಲ್ ಬೇಡ. ಅಂದರೆ ಆ ರಾತ್ರಿ ಜೀಪು ತಾಲೂಕು ಆಸ್ಪತ್ರೆಯ ಎದುರು ಹದಿನೈದು ನಿಮಿಷ ನಿಂತು ಚೀಟಿ ಮಾಡಿಸಿ, 108ರಲ್ಲಿ ಮುಂದೆ ಬಂದಿದ್ದರೆ ಈ ಕಡತದ ಅರ್ಧ ಭಾಗ ಇರುತ್ತಲೇ ಇರಲಿಲ್ಲ. (ರಸ್ತೆ ಅಪಘಾತವಾದರೆ ದಾರಿ ಬೇರೆ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುಗಳಿಗೆ ಮೊದಲ 7 ದಿನಕ್ಕೆ ₹1.5 ಲಕ್ಷದ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ ಇದೆ. ಅದಕ್ಕೆ ಬಿಪಿಎಲ್ ಎಪಿಎಲ್ ಭೇದವಿಲ್ಲ.)

ಬುಧವಾರ ಬೆಳಿಗ್ಗೆ ₹30,000 ಅಡ್ವಾನ್ಸ್ ಕೇಳಿದರು. ಹೆಂಡತಿ ಸೊಸೈಟಿಯಲ್ಲಿ ಬೆಂಡೋಲೆ ಅಡವಿಟ್ಟು ₹20,000 ಕಟ್ಟಿದರು. ಗುರುವಾರ ಹತ್ತು ಗಂಟೆಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ಮಾತಾಡಿಸಿದಾಗಲೇ ಕಾರ್ಡಿನ ವಿಷಯ ಹೊರಬಂದದ್ದು. "ಕಾರ್ಡು ಉಂಟು ಮೇಡಂ, ಆದರೆ ಅದು ಭಾವನ ಮನೆಯಲ್ಲಿ ಉಂಟು."

ತೀರಿಹೋದ ಮಾವನ, ಅಂದರೆ ರೋಗಿಯ ಅಪ್ಪನ, ಹೆಸರಿನ ಹಳೆಯ ಕೂಡುಕುಟುಂಬದ ಬಿಪಿಎಲ್ ಕಾರ್ಡು ಅದು. ಪಾಲಾಗಿ ಬೇರೆ ಮನೆ ಮಾಡಿದ ಮೇಲೂ ಹೆಸರುಗಳು ಅದರಲ್ಲೇ ಉಳಿದಿದ್ದವು. ಭಾವ ಕಾರ್ಡಿನ ಫೋಟೊ ವಾಟ್ಸ್‌ಆ್ಯಪಿನಲ್ಲಿ ಕಳಿಸಿದರು. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರು ನಂಬರು ಹಾಕಿ ನೋಡಿದರೆ ಕಾರ್ಡು ಚಾಲ್ತಿಯಲ್ಲಿದೆ, ರೋಗಿಯ ಹೆಸರೂ ಇದೆ. ಆದರೆ ಅಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಹೆಸರಿನ ಹಿಂದೆ, ಆಧಾರಿನಲ್ಲಿ ಮುಂದೆ. ಇಂಥ ವ್ಯತ್ಯಾಸ ಇದ್ದಾಗ ವ್ಯವಸ್ಥೆ ತಾನೇ ಒಪ್ಪುವುದಿಲ್ಲ, ರೋಗಿಯ ಗುರುತು ದೃಢಪಡಬೇಕು. ಒಟಿಪಿ ಹೋದದ್ದು ಆಧಾರಿಗೆ ಜೋಡಿಸಿದ್ದ ಹಳೆಯ ಸಿಮ್ಮಿಗೆ, ಅದು ಬಂದ್ ಆಗಿ ಎರಡು ವರ್ಷವಾಗಿದೆ. ಬೆರಳಚ್ಚು ಯಂತ್ರವನ್ನು ಹಾಸಿಗೆಯ ಬಳಿ ತಂದು ಹತ್ತೂ ಬೆರಳು ಒತ್ತಿಸಿದರು. ವರ್ಷಗಟ್ಟಲೆ ಅಡಿಕೆ ಸುಲಿದ ಕೈ, ಮೇಲಾಗಿ ನೀರು ತುಂಬಿ ಬಾತಿದ್ದ ಬೆರಳು. ಒಂದೂ ಹಿಡಿಯಲಿಲ್ಲ. ಉಳಿದದ್ದು ಮೊಬೈಲಿನಲ್ಲಿ ಮುಖ ತೋರಿಸುವ ದಾರಿ. ಆದರೆ ಮುಖದ ಮೇಲೆ ಉಸಿರಾಟದ ಮಾಸ್ಕು ಇತ್ತು.

ಮಾಸ್ಕು ತೆಗೆಯಿರಿ ಎಂದು ಯಾರೂ ಹೇಳುವಂತಿಲ್ಲ, ಹೇಳಲೂಬಾರದು. ಶುಕ್ರವಾರ ಬೆಳಿಗ್ಗೆ ವೈದ್ಯರು ಮಾಸ್ಕು ಬಿಡಿಸಿ ಮೂಗಿನ ಕೊಳವೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ, ಹನ್ನೊಂದು ಗಂಟೆಗೆ ಆರೋಗ್ಯಮಿತ್ರರು ಒಳಗೆ ಹೋಗಿ ಕಿಟಕಿಯ ಕಡೆ ತಲೆ ತಿರುಗಿಸಿ, ಕೊಳವೆಯನ್ನು ಎರಡು ಕ್ಷಣ ಸರಿಸಿ ಮುಖ ಹಿಡಿದರು. ಮೂರನೆಯ ಸಲಕ್ಕೆ ಆಯಿತು. ಮನೆಯವರೆಲ್ಲ ಆರೋಗ್ಯವಾಗಿರುವಾಗಲೇ ಗ್ರಾಮ ಒನ್ ಕೇಂದ್ರದಲ್ಲಿ ಆಯುಷ್ಮಾನ್ ಕಾರ್ಡು ಮಾಡಿಸಿಟ್ಟಿದ್ದರೆ ಇದು ಅರ್ಧ ಗಂಟೆಯ ಕೆಲಸ. ಇಲ್ಲಿ ಒಂದು ದಿನ ಹೋಯಿತು, ಆ ದಿನದ ದರ ₹40,000ದ ಹತ್ತಿರ.

ಗುರುವಾರ ಸಂಜೆ ಇನ್ನೊಂದು ಅಪಾಯ ತಪ್ಪಿತು. ಅಲ್ಲಿಯವರೆಗಿನ ಬಿಲ್ಲು ₹1 ಲಕ್ಷ ದಾಟಿದೆ ಎಂದು ಗೊತ್ತಾದಾಗ ರೋಗಿಯ ಮಾವ, "ಸಹಿ ಹಾಕಿ ಮನೆಗೆ ಕರಕೊಂಡು ಹೋಗುವ, ದೇವರು ಇಟ್ಟ ಹಾಗೆ ಆಗಲಿ" ಎಂದರು. ವೈದ್ಯರ ಸಲಹೆ ಮೀರಿ ಹೋಗುವುದು, ಆಸ್ಪತ್ರೆ ಭಾಷೆಯಲ್ಲಿ "ಲಾಮಾ". ಬಡವರ ಬಿಲ್ಲಿನ ವಿಷಯದಲ್ಲಿ ಜೀವಕ್ಕೆ ಎರವಾಗುವ ತೀರ್ಮಾನ ಇದೇ. ಮೂತ್ರ ನಿಂತ ರೋಗಿ ಡಯಾಲಿಸಿಸ್ ಇಲ್ಲದೆ ಮನೆಯಲ್ಲಿ ಉಳಿಯುವುದಿಲ್ಲ. ಜೊತೆಗೆ, ಲಾಮಾ ಎಂದು ಬರೆದ ಕಡತಕ್ಕೆ ವಿಮೆಯವರು ತಕರಾರು ತೆಗೆಯಬಹುದು, ಅಲ್ಲಿಯವರೆಗಿನ ಬಿಲ್ಲೂ ಹಾಗೇ ಉಳಿಯುತ್ತದೆ. ಹಣ ಮುಗಿದಾಗ ಕೇಳಬೇಕಾದದ್ದು ಲಾಮಾ ಅಲ್ಲ, ವರ್ಗಾವಣೆ. ವೈದ್ಯರಿಂದ ವೈದ್ಯರಿಗೆ ಫೋನ್, ವೆನ್ಲಾಕಿನಲ್ಲಿ ಹಾಸಿಗೆ ಖಚಿತ, ಕೈಯಲ್ಲಿ ಚಿಕಿತ್ಸೆಯ ಸಾರಾಂಶ, ಆಮ್ಲಜನಕ ಇರುವ ಆಂಬುಲೆನ್ಸ್. ಸಮಾಜ ಕಾರ್ಯಕರ್ತೆ ಮಾವನ ಎದುರಿನಲ್ಲೇ ವೆನ್ಲಾಕಿಗೆ ಫೋನ್ ಹಚ್ಚಿಸಿದರು. ಆ ಹೊತ್ತಿಗೆ ಅಲ್ಲಿ ಐಸಿಯು ಹಾಸಿಗೆ ಖಾಲಿ ಇರಲಿಲ್ಲ. ಆದರೂ ದಾರಿಯೊಂದಿದೆ ಎಂದು ಕಂಡಾಗ ಲಾಮಾದ ಮಾತು ನಿಂತಿತು.

ಗುರುತು ದೃಢಪಟ್ಟ ಮೇಲೆ ಪ್ರೀ-ಆಥ್, ಅಂದರೆ ಟ್ರಸ್ಟಿನ ಮುಂಚಿತ ಒಪ್ಪಿಗೆ. ಶುಕ್ರವಾರ ಮಧ್ಯಾಹ್ನ ಕಳಿಸಿದ ಮೊದಲ ಅರ್ಜಿ ಸಂಜೆ ವಾಪಸ್ ಬಂತು: ರೆಫರಲ್ ಇಲ್ಲ, ತುರ್ತು ಸ್ಥಿತಿ ಸ್ಪಷ್ಟವಿಲ್ಲ. ಕಡತ ತೆರೆದು ನೋಡಿದರೆ ತಪ್ಪು ಟ್ರಸ್ಟಿನದ್ದಲ್ಲ. ದಾಖಲಾದ ರಾತ್ರಿಯ ಟಿಪ್ಪಣಿಯಲ್ಲಿ ಇದ್ದದ್ದು "ಜ್ವರ, ಕಾಮಾಲೆ, ಪರಿಶೀಲನೆಯಲ್ಲಿ" ಎಂಬ ಒಂದು ಸಾಲು. ಅರ್ಜಿಗೆ ಲಗತ್ತಿಸಿದ್ದೂ ಅದನ್ನೇ. ಆ ನಂತರ ಬಂದ, ಇಲಿಜ್ವರ ತೋರಿಸುವ ಐಜಿಎಂ ರಕ್ತಪರೀಕ್ಷೆಯ ಪಾಸಿಟಿವ್ ವರದಿ, ಏರುತ್ತ ಹೋದ ಕ್ರಿಯಾಟಿನಿನ್, ಇಪ್ಪತ್ತನಾಲ್ಕು ತಾಸಿನ ಮೂತ್ರದ ಅಳತೆ, ಡಯಾಲಿಸಿಸ್ ಚಾರ್ಟು ಯಾವುದೂ ಸೇರಿರಲಿಲ್ಲ. ರಾತ್ರಿ ಪಾಳಿಯ ವೈದ್ಯರು ಹೊಸ ಟಿಪ್ಪಣಿ ಬರೆದರು: ಇಲಿಜ್ವರದಿಂದ ತೀವ್ರ ಕಿಡ್ನಿ ವೈಫಲ್ಯ, ತುರ್ತು ಡಯಾಲಿಸಿಸ್ ನಡೆಯುತ್ತಿದೆ, ಸ್ಥಳಾಂತರಿಸಲು ಯೋಗ್ಯ ಸ್ಥಿತಿಯಲ್ಲಿಲ್ಲ. ಮೂರು ವರದಿ, ಎಕ್ಸ್‌ರೇ, ರೋಗಿ ಹಾಸಿಗೆಯಲ್ಲಿರುವ ಫೋಟೊ ಸೇರಿಸಿ ಮತ್ತೆ ಕಳಿಸಿದರು. ಶನಿವಾರ 10.20ಕ್ಕೆ ಒಪ್ಪಿಗೆ ಬಂತು, ಶನಿವಾರದ ದಿನದಿಂದ ಅನ್ವಯವಾಗುವಂತೆ. ಒಮ್ಮೆ ವಾಪಸ್ ಬಂದ ಅರ್ಜಿ ಮುಗಿದುಹೋದ ಅರ್ಜಿಯಲ್ಲ. ವಾಪಸ್ ಏಕೆ ಬಂತು ಎಂಬ ಕಾರಣವನ್ನು ಆರೋಗ್ಯಮಿತ್ರರ ಪರದೆಯಲ್ಲೇ ಓದಿಸಿಕೊಂಡು ಆ ಕಾಗದವನ್ನೇ ಒದಗಿಸಬೇಕು. ಆರೋಗ್ಯಮಿತ್ರರು ಸಿಗದಿದ್ದರೆ 14555ಕ್ಕೆ ಕರೆ ಮಾಡಬಹುದು.

ಒಪ್ಪಿಗೆ ಬಂದ ಕೂಡಲೇ ಮಾಡಬೇಕಾದ, ಹೆಚ್ಚಿನವರು ಮರೆಯುವ ಕೆಲಸ: ಕ್ಯಾಶ್ ಬಿಲ್ಲನ್ನು ದಿನಾಂಕ, ವೇಳೆ ಹಾಕಿಸಿ ಕ್ಲೋಸ್ ಮಾಡಿಸುವುದು. ಇಲ್ಲದಿದ್ದರೆ ಶನಿವಾರದ ರಕ್ತಪರೀಕ್ಷೆ, ಔಷಧ ಹಳೆಯ ಐಪಿ (ಒಳರೋಗಿ) ನಂಬರಿಗೇ ಬೀಳುತ್ತ ಹೋಗುತ್ತವೆ. ಇಲ್ಲಿ ಶುಕ್ರವಾರ ರಾತ್ರಿ 12ಕ್ಕೆ ಬಿಲ್ಲು ಮುಚ್ಚಿತು. ಬಾಬ್ತುವಾರು ಪ್ರತಿ ಕೇಳಿದಾಗ ಮೊದಲು ಒಂದು ಹಾಳೆ ಕೊಟ್ಟರು, "ವಿವರ ಬೇಕು" ಎಂದ ಮೇಲೆ ಹದಿನಾಲ್ಕು ಹಾಳೆ. ವಿವರವಾದ ಬಿಲ್ಲು ಪಡೆಯುವುದು ರೋಗಿಯ ಹಕ್ಕು, ಅದಕ್ಕೆ ಹಣ ಕಟ್ಟಿ ಮುಗಿಸಿರಬೇಕು ಎಂದೇನಿಲ್ಲ. ಒಟ್ಟು ಹೀಗಿತ್ತು:

ಐಸಿಯು ಹಾಸಿಗೆ, 4 ದಿನ × 6,500: ₹26,000
ತಜ್ಞ ವೈದ್ಯರ ಭೇಟಿ: ₹9,600
ಡಯಾಲಿಸಿಸ್, 2 × 4,200: ₹8,400
ಡಯಾಲಿಸಿಸ್ ಕೆಥೀಟರ್ ಮತ್ತು ಹಾಕಿದ್ದಕ್ಕೆ: ₹7,800
ಲ್ಯಾಬ್: ₹31,450
ಎಕ್ಸ್‌ರೇ, ಸ್ಕ್ಯಾನಿಂಗ್: ₹4,900
ಔಷಧ ಮತ್ತು ಸಾಮಗ್ರಿ: ₹38,900
ಪ್ಲೇಟ್‌ಲೆಟ್, ಒಬ್ಬ ದಾನಿಯದ್ದು, 1 ಚೀಲ: ₹11,000
ಉಸಿರಾಟದ ಯಂತ್ರ, ಆಮ್ಲಜನಕ, ಮಾನಿಟರ್: ₹12,600
ನರ್ಸಿಂಗ್ ಮತ್ತು ಇತರೆ: ₹5,200
ಒಟ್ಟು: ₹1,55,850

ರಿಯಾಯಿತಿ ಕೇಳುವುದಕ್ಕೆ ಮೊದಲು ಬಿಲ್ಲು ಸರಿಯೇ ಎಂದು ನೋಡಬೇಕು. ತಪ್ಪು ತೆಗೆಸುವುದು ಹಕ್ಕು, ರಿಯಾಯಿತಿ ಕೇಳುವುದು ವಿನಂತಿ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿದರೆ ತಪ್ಪು ಕೂಡ ದಾನದ ಲೆಕ್ಕಕ್ಕೆ ಹೋಗಿಬಿಡುತ್ತದೆ, "ಈಗಾಗಲೇ ಇಷ್ಟು ಬಿಟ್ಟಿದ್ದೇವಲ್ಲ" ಎಂಬ ಉತ್ತರ ಸಿಗುತ್ತದೆ.

ಪಿಯುಸಿ ಹುಡುಗಿಯನ್ನು ಕೂರಿಸಿಕೊಂಡು ಸಮಾಜ ಕಾರ್ಯಕರ್ತೆ ಹದಿನಾಲ್ಕು ಹಾಳೆಯನ್ನು ನರ್ಸಿಂಗ್ ದಾಖಲೆಯ ಎದುರು ಇಟ್ಟು ಒಂದೊಂದೇ ಸಾಲಿಗೆ ಪೆನ್ಸಿಲ್ ಗುರುತು ಹಾಕಿಸಿದರು. ಮೊದಲು ಸಿಕ್ಕಿದ್ದು ಹಾಸಿಗೆ. ಮಂಗಳವಾರ ರಾತ್ರಿ 11.52ಕ್ಕೆ ಚೀಟಿ ಆಗಿತ್ತು, ಐಸಿಯು ನರ್ಸ್ ರೋಗಿಯನ್ನು ಒಳತೆಗೆದುಕೊಂಡು ಬರೆದ ವೇಳೆ 12.40. ಆದರೆ ಕಂಪ್ಯೂಟರು ಚೀಟಿಯ ವೇಳೆ ಹಿಡಿದು ಮಂಗಳವಾರಕ್ಕೂ ಒಂದು ಪೂರ್ತಿ ದಿನದ ಐಸಿಯು ಬಾಡಿಗೆ ಹಾಕಿತ್ತು. ಆ ದಿನ ರೋಗಿ ಐಸಿಯುವಿನಲ್ಲಿ ಇದ್ದದ್ದು ಸೊನ್ನೆ ನಿಮಿಷ. ₹6,500 ಹೋಯಿತು.

ಎರಡನೆಯದು ಔಷಧದ ವಾಪಸಾತಿ. ಮೊದಲ ರಾತ್ರಿ ಮೆರೋಪೆನಮ್ ಎಂಬ ಆಂಟಿಬಯೋಟಿಕ್ ಶುರು ಮಾಡಿದ್ದರು. ರೋಗನಿರ್ಣಯ ಆದ ಮೇಲೆ ಸೆಫ್ಟ್ರಿಯಾಕ್ಸೋನಿಗೆ ಬದಲಾಯಿಸಿದರು. ತೆಗೆಸಿಟ್ಟಿದ್ದ ಸೀಸೆಗಳಲ್ಲಿ ಆರು ಒಡೆಯದೆ ಉಳಿದು ಫಾರ್ಮಸಿಗೆ ವಾಪಸ್ ಹೋಗಿದ್ದವು. ವಾಪಸ್ ಮಾಡಿದ ಪುಸ್ತಕದಲ್ಲಿ ನರ್ಸಿನ ಸಹಿ ಇದೆ, ಬಿಲ್ಲಿನಲ್ಲಿ ಕಳೆದಿಲ್ಲ. ಆರು ಸೀಸೆಗೆ ₹980ರಂತೆ ₹5,880. ಉಸಿರಾಟದ ಮಾಸ್ಕು ಎರಡು ಸಲ ಹಾಕಿದ್ದರು. ತುರ್ತು ವಿಭಾಗದವರು ಒಮ್ಮೆ, ಐಸಿಯುದವರು ಮತ್ತೊಮ್ಮೆ, ರೋಗಿಯ ಮುಖದಲ್ಲಿದ್ದದ್ದು ಒಂದೇ. ₹2,400. ಯಾರೂ ಬೇಕೆಂದು ಮಾಡಿದ ಮೋಸ ಅಲ್ಲ ಇದು. ರೋಗಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವ ಹೊತ್ತಿನಲ್ಲೇ ಇಂಥವು ಆಗುತ್ತವೆ. ಆದ್ದರಿಂದ ಬಿಲ್ಲು ನೋಡುವಾಗ ವರ್ಗಾವಣೆ ಆದ ತಾಸುಗಳನ್ನು ಮೊದಲು ನೋಡಬೇಕು.

ಲ್ಯಾಬಿನಲ್ಲಿ ಡೆಂಗ್ಯೂ ಪರೀಕ್ಷೆ ಹದಿನಾಲ್ಕು ತಾಸಿನ ಅಂತರದಲ್ಲಿ ಎರಡು ಸಲ ಆಗಿತ್ತು, ಎರಡನೆಯದಕ್ಕೆ ವೈದ್ಯರ ಆದೇಶ ಕಡತದಲ್ಲಿ ಇರಲಿಲ್ಲ: ₹1,850. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ನಾಲ್ಕು ಸಲ ಹಣ ಹಾಕಿದ್ದರು, ವರದಿ ಮೂರೇ: ₹620. ಕೊನೆಯದು ಮಾನಿಟರ್, ದಿನಕ್ಕೆ ₹1,200ರಂತೆ ನಾಲ್ಕು ದಿನ. ದರಪಟ್ಟಿಯನ್ನು ಎದ್ದು ಕಾಣುವಂತೆ ಹಾಕಬೇಕು ಎಂಬುದು ಕಾನೂನು. ಅದರಲ್ಲೇ "ಐಸಿಯು ಹಾಸಿಗೆ, ಮಾನಿಟರ್ ಸಹಿತ" ಎಂದಿತ್ತು. ಹುಡುಗಿ ಆ ಫಲಕದ ಫೋಟೊ ತೆಗೆದುಕೊಂಡು ಬಂದಳು. ₹4,800 ಕಳೆಯಿತು.

ಎಲ್ಲ ಸೇರಿ ₹22,050. ಬಿಲ್ಲು ₹1,33,800ಕ್ಕೆ ಇಳಿಯಿತು. ಈ ಹಂತದಲ್ಲಿ ಬಿಲ್ಲಿಂಗ್ ವಿಭಾಗದವರ ಜೊತೆ ದನಿ ಏರಿಸುವ ಅಗತ್ಯ ಬೀಳಲಿಲ್ಲ. ಪ್ರತಿ ಆಕ್ಷೇಪಕ್ಕೂ ಹಾಳೆಯ ನಂಬರು, ದಿನಾಂಕ, ಅದನ್ನು ತೋರಿಸುವ ದಾಖಲೆ ಮೂರನ್ನೂ ಬರೆದು ಒಂದೇ ಪುಟದಲ್ಲಿ ಕೊಟ್ಟದ್ದೇ ಅದಕ್ಕೆ ಕಾರಣ.

ರಿಯಾಯಿತಿಯ ಅರ್ಜಿ ಹೋದದ್ದು ಸೋಮವಾರ. ಡಿಸ್ಚಾರ್ಜ್ ದಿನ ಕೇಳಿದರೆ ಕೌಂಟರಿನವರ ಅಧಿಕಾರದಲ್ಲಿ ಇರುವ ಒಂದೆರಡು ಸಾವಿರ ಮಾತ್ರ ಸಿಗುತ್ತದೆ. ದೊಡ್ಡ ಮೊತ್ತಕ್ಕೆ ಆಡಳಿತದವರು ಕೂತು ನಿರ್ಧರಿಸಬೇಕು, ಅದಕ್ಕೆ ಮೂರು ನಾಲ್ಕು ದಿನ ಬೇಕು. ಅರ್ಜಿಯಲ್ಲಿ ಕಣ್ಣೀರಿನ ಮಾತು ಇರಲಿಲ್ಲ. ಮನೆಯ ಆದಾಯ, ಸಾಲ, ಈಗಾಗಲೇ ಕಟ್ಟಿದ್ದು, ಕಟ್ಟಬಹುದಾದದ್ದು, ಬಿಪಿಎಲ್ ಕಾರ್ಡಿನ ಪ್ರತಿ, ಯೋಜನೆಯ ಒಪ್ಪಿಗೆ ಪತ್ರ. ಆ ಒಪ್ಪಿಗೆ ಪತ್ರಕ್ಕೆ ಬೆಲೆ ಹೆಚ್ಚು. ಸರ್ಕಾರವೇ ಈ ಮನೆಯನ್ನು ಅರ್ಹ ಎಂದು ಒಪ್ಪಿದೆ ಎಂಬುದಕ್ಕೆ ಅದೇ ಸಾಕ್ಷಿ.

ಬಿಲ್ಲಿನ ಎಲ್ಲ ಬಾಬ್ತೂ ಒಂದೇ ರೀತಿ ಬಗ್ಗುವುದಿಲ್ಲ. ವೈದ್ಯರ ಶುಲ್ಕ ಬಗ್ಗುತ್ತದೆ, ಆದರೆ ಅದನ್ನು ಬಿಡಬೇಕಾದವರು ಆಯಾ ವೈದ್ಯರೇ. ಅವರವರನ್ನೇ ಖುದ್ದಾಗಿ ಕೇಳಬೇಕು. ಇಲ್ಲಿ ನಾಲ್ವರೂ ಪೂರ್ತಿ ಬಿಟ್ಟರು, ₹9,600. ಹಾಸಿಗೆ, ಲ್ಯಾಬ್, ಯಂತ್ರ ಇವು ಆಸ್ಪತ್ರೆಯ ಸ್ವಂತ ಸೇವೆ. ಉಳಿದಿದ್ದ ₹82,580ಕ್ಕೆ ಶೇ. 25 ಬಿಟ್ಟರು, ₹20,645. ರಕ್ತನಿಧಿಯ ಶುಲ್ಕದಲ್ಲಿ ಏನೂ ಆಗಲಿಲ್ಲ. ಔಷಧ ಹೊರಗಿನಿಂದ ಕೊಂಡ ಸರಕು, ಆದರೆ ಎಂಆರ್‌ಪಿಯಲ್ಲಿ ಮಾರಾಟದ ಅಂತರ ಇರುತ್ತದೆ ಎಂದು ಕೇಳಿದಾಗ ₹30,620ಕ್ಕೆ ಶೇ. 10 ಕಡಿತ ಕೊಟ್ಟರು, ₹3,062. ಉಳಿದದ್ದು ₹1,00,493. ಅಡ್ವಾನ್ಸ್ ಕಳೆದರೆ ₹80,493.

ಈ ನಡುವೆ, ಯೋಜನೆಯಡಿ ಚಿಕಿತ್ಸೆ ನಡೆಯುತ್ತಿದ್ದ ಮಂಗಳವಾರ, ಫಾರ್ಮಸಿಯವರು ಒಂದು ಇಂಜೆಕ್ಷನ್ನಿಗೆ ₹3,450 ಕೇಳಿದರು. ಹೆಂಡತಿ ಕೈಸಾಲ ಮಾಡಿ ಕಟ್ಟಿದರು. ಯೋಜನೆಯ ಪ್ಯಾಕೇಜಿನಲ್ಲಿ ಹಾಸಿಗೆ, ಔಷಧ, ಪರೀಕ್ಷೆ ಎಲ್ಲ ಸೇರಿರುತ್ತದೆ, ರೋಗಿಯ ಕೈಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ರಸೀದಿ ಇದ್ದುದರಿಂದ ಆರೋಗ್ಯಮಿತ್ರರು ಎರಡು ದಿನದಲ್ಲಿ ವಾಪಸ್ ಕೊಡಿಸಿದರು. ರಸೀದಿ ಇಲ್ಲದೆ ಹೊರಗಿನ ಅಂಗಡಿಯಿಂದ ತಂದಿದ್ದರೆ ಆ ಹಣಕ್ಕೆ ದಾರಿ ಇರಲಿಲ್ಲ.

ಉಳಿದ ₹80,493ಕ್ಕೆ ಹಣ ಎಲ್ಲಿಂದ? ಇಲ್ಲಿ ಕ್ರಮ ತಪ್ಪಿದರೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ, ಏಕೆಂದರೆ ಮೂಲ ಬಿಲ್ಲು ಇರುವುದು ಒಂದೇ. ವಿಮೆಯವರೂ ಮೂಲ ಬಿಲ್ಲು ಕೇಳುತ್ತಾರೆ, ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಮೂಲ ಬಿಲ್ಲೇ ಬೇಕು. ಹೆಂಡತಿ ಸ್ವಸಹಾಯ ಸಂಘದ ಮೂಲಕ ಮಾಡಿಸಿದ್ದ ಆರೋಗ್ಯ ವಿಮೆಯಲ್ಲಿ ₹20,000ದ ರಕ್ಷಣೆ ಇತ್ತು. ಸಂಘದ ಕಂತಿನ ಜೊತೆಗೇ ಪ್ರೀಮಿಯಂ ಹೋಗುವುದರಿಂದ ಅದು ವಿಮೆ ಎಂಬುದೇ ಅವರಿಗೆ ನೆನಪಿರಲಿಲ್ಲ. "ಸಂಘದ ಪಾಸ್‌ಬುಕ್ಕಿನಲ್ಲಿ ಏನೇನು ಕಟ್ಟುತ್ತೀರಿ?" ಎಂದು ಕೇಳಿದಾಗ ಸಿಕ್ಕಿತು. ಕರಾವಳಿಯಲ್ಲಿ ಈ ಪ್ರಶ್ನೆಯನ್ನು ಪ್ರತಿ ಮನೆಗೂ ಕೇಳಬೇಕು. ಹಣ ಕಟ್ಟಿ ಆಮೇಲೆ ಕ್ಲೇಮು ಮಾಡುವ ಬದಲು ನೇರ ಆಸ್ಪತ್ರೆಗೇ ಕೊಡುವಂತೆ ಮಾಡಿಸಿದ್ದರಿಂದ ಮೂಲ ಬಿಲ್ಲು, "ವಿಮೆಯಿಂದ ₹20,000 ಸಂದಿದೆ" ಎಂಬ ನಮೂದಿನೊಂದಿಗೆ ಮನೆಯವರ ಕೈಯಲ್ಲೇ ಉಳಿಯಿತು. ಬಾಕಿ ₹60,493.

ರೋಗಿಯ ತಮ್ಮ ಎರಡನೆಯ ದಿನವೇ ವಾಟ್ಸ್‌ಆ್ಯಪಿನಲ್ಲಿ "₹5 ಲಕ್ಷ ಬೇಕಾಗಿದೆ" ಎಂದು ಐಸಿಯು ಫೋಟೊ ಮತ್ತು ಆಧಾರ್ ಕಾರ್ಡಿನ ಚಿತ್ರ ಸಮೇತ ಮನವಿ ಹರಿಬಿಟ್ಟಿದ್ದ. ಪ್ರೀತಿಯಿಂದ ಮಾಡಿದ್ದೇ, ಆದರೆ ಮೂರು ತೊಂದರೆ ಆಯಿತು. ಆಧಾರ್ ನಂಬರು ಊರೆಲ್ಲ ಹಂಚಿತು. ಮೊತ್ತ ಊಹೆಯದ್ದು, ಆದ್ದರಿಂದ ರಿಯಾಯಿತಿ ಕೊಡುವವರು "ಐದು ಲಕ್ಷ ಒಟ್ಟಾಗುತ್ತಿದೆಯಂತಲ್ಲ" ಎಂದು ಕೇಳಿದರು. ಬಂದ ಹಣ ತಮ್ಮನ ಖಾತೆಗೆ ಸೇರಿತು. ಶನಿವಾರ ಹಳೆಯ ಮನವಿ ತೆಗೆಸಿ, ಬಂದಿದ್ದ ₹11,400ನ್ನು ಐಪಿ ನಂಬರಿಗೆ ಜಮೆ ಮಾಡಿಸಿ, "ಯೋಜನೆಯಡಿ ಚಿಕಿತ್ಸೆ ಸಿಕ್ಕಿದೆ, ಇನ್ನು ಹಣ ಕಳಿಸಬೇಡಿ" ಎಂದು ಅದೇ ಗುಂಪುಗಳಿಗೆ ಬರೆಸಲಾಯಿತು. ದಾನಿಗಳ ಮನವಿ ಎಲ್ಲಕ್ಕಿಂತ ಕೊನೆಯದಾಗಬೇಕು. ಆಗ ಕೇಳುವ ಮೊತ್ತ ನಿಜವಾಗಿರುತ್ತದೆ, ಕೊಡುವವರ ನಂಬಿಕೆಯೂ ಉಳಿಯುತ್ತದೆ.

ಬೀಡಿ ಕಟ್ಟುವವರಿಗೆ ಪಿಎಫ್ ಇರುತ್ತದೆ, ಕುಟುಂಬದವರ ಕಾಯಿಲೆಗೆ ಅದರಿಂದ ಮುಂಗಡ ಪಡೆಯಲು ಅವಕಾಶವಿದೆ. ತಡೆಯುವುದು ಹೆಚ್ಚಾಗಿ ಹೆಸರು ಹೊಂದದಿರುವುದು, ಆಧಾರ್ ಜೋಡಣೆ ಆಗದಿರುವುದು, ಬ್ಯಾಂಕ್ ಖಾತೆ ಬೀಡಿ ಬ್ರಾಂಚಿನ ದಾಖಲೆಯಲ್ಲಿ ಹಳೆಯದಾಗಿರುವುದು. ಇವರದ್ದರಲ್ಲಿ ಎಲ್ಲ ಸರಿ ಇತ್ತು, ₹28,000 ಸಿಗುತ್ತದೆ ಎಂದು ಗೊತ್ತಾಯಿತು. ಆದರೆ ಡಿಸ್ಚಾರ್ಜ್ ಹೊತ್ತಿಗೆ ಕೈಗೆ ಬರುವುದಿಲ್ಲ.

ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಶಾಸಕರ ಪತ್ರ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಮೂಲ ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಂದಿಗೆ ಅರ್ಜಿ ಹೋಯಿತು. ಕಳಿಸುವ ಮುನ್ನ ಪ್ರತಿ ಹಾಳೆಯ ನೆರಳಚ್ಚು ತೆಗೆದಿಡಲಾಯಿತು. ಆ ಹಣವನ್ನು ಬಿಲ್ಲಿನ ಲೆಕ್ಕಕ್ಕೆ ಹಿಡಿಯಲಿಲ್ಲ. ಬಂದರೆ ಬೆಂಡೋಲೆ ಬಿಡಿಸುವುದಕ್ಕೆ ಎಂದು ಮಾತಾಯಿತು. ಪ್ರಧಾನಮಂತ್ರಿಗಳ ಪರಿಹಾರ ನಿಧಿಗೆ ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ ಬೇಕು. ಅದು ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರಿನಂಥ ಮುಂಚಿತವಾಗಿ ಗೊತ್ತಿರುವ ಚಿಕಿತ್ಸೆಗೆ ಹೊಂದುವ ದಾರಿ, ಇಲ್ಲಿಗೆ ಅಲ್ಲ.

ಹತ್ತನೆಯ ದಿನ, ಶುಕ್ರವಾರ ಡಿಸ್ಚಾರ್ಜ್. ಮೊದಲೇ ಜಮೆಯಾಗಿದ್ದ ಮನವಿಯ ₹11,400, ತೋಟದ ಧಣಿಗಳು ಕೊಟ್ಟ ₹7,000, ಕೈಯಿಂದ ₹93 ಸೇರಿ ₹18,493 ಸಂದಿತು. ಬಾಕಿ ₹42,000ಕ್ಕೆ ಆಸ್ಪತ್ರೆಯೊಂದಿಗೆ ಬರಹದಲ್ಲಿ ಒಪ್ಪಂದವಾಯಿತು: ಪಿಎಫ್ ಬಂದಾಗ ₹28,000, ಉಳಿದ ₹14,000 ತಿಂಗಳಿಗೆ ₹2,000ದಂತೆ ಏಳು ಕಂತು, ಬಡ್ಡಿ ಇಲ್ಲ. ಒಪ್ಪಂದದ ಹಾಳೆಯಲ್ಲಿ ಆಸ್ಪತ್ರೆಯ ಮುದ್ರೆ, ಬಾಕಿಯ ಪೂರ್ತಿ ಮೊತ್ತ, ಕಂತಿನ ದಿನಾಂಕ ಇತ್ತು. ಖಾಲಿ ಚೆಕ್ಕು ಕೇಳಿದರು, ಕೊಡಲಿಲ್ಲ. ಬಾಕಿ ಇದೆ ಎಂಬ ಕಾರಣಕ್ಕೆ ಗುಣವಾದ ರೋಗಿಯನ್ನು ಹಿಡಿದಿಡುವಂತಿಲ್ಲ. ರೋಗಿ ತೀರಿಹೋಗಿದ್ದರೂ ಬಿಲ್ಲಿಗಾಗಿ ದೇಹ ತಡೆಯುವಂತಿಲ್ಲ, ಹಣ ಆಮೇಲೆ ವಸೂಲು ಮಾಡಿಕೊಳ್ಳಬೇಕು ಎಂದು ರಾಜ್ಯದ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಹೇಳುತ್ತದೆ. ಹಾಗೆ ಆದರೆ ದೂರು ಕೊಡಬೇಕಾದದ್ದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ. ಇಲ್ಲಿ ಅದರ ಹೆಸರು ಎತ್ತುವ ಸಂದರ್ಭ ಬರಲಿಲ್ಲ.

ಡಿಸ್ಚಾರ್ಜಿನ ಹೊತ್ತಿಗೆ ಕ್ರಿಯಾಟಿನಿನ್ 2.4ಕ್ಕೆ ಇಳಿದಿತ್ತು, ಮೂತ್ರ ದಿನಕ್ಕೆ ಎರಡು ಲೀಟರ್ ಮೀರಿತ್ತು. ಮುಂದಿನ ರಕ್ತಪರೀಕ್ಷೆಗಳನ್ನು ತಾಲೂಕು ಆಸ್ಪತ್ರೆಯಲ್ಲೇ ಮಾಡಿಸಲು ಚೀಟಿ ಬರೆಸಿಕೊಂಡರು. ಮತ್ತೆ ಡಯಾಲಿಸಿಸ್ ಬೇಕಾದರೂ ಸರ್ಕಾರಿ ಕೇಂದ್ರದಲ್ಲಿ ಬಿಪಿಎಲ್ ರೋಗಿಗಳಿಗೆ ಉಚಿತ ಎಂಬುದನ್ನು ಸಾರಾಂಶದ ಹಿಂದೆ ಬರೆದುಕೊಟ್ಟರು. ಬೇಕಾಗಲಿಲ್ಲ. ಪಿಎಫ್ ಹಣ ಮೂರನೆಯ ವಾರ ಬಂತು. ನಾಲ್ಕನೆಯ ಕಂತಿನ ತಿಂಗಳು ತೋಟದಲ್ಲಿ ಕೆಲಸವಿರಲಿಲ್ಲ. ಕಂತು ತಪ್ಪುವ ಮೊದಲೇ ಹುಡುಗಿ ಆಸ್ಪತ್ರೆಗೆ ಹೋಗಿ ಒಂದು ತಿಂಗಳು ಮುಂದೂಡುವಂತೆ ಅರ್ಜಿ ಕೊಟ್ಟು, ಸ್ವೀಕರಿಸಿದ ಮುದ್ರೆ ಹಾಕಿಸಿಕೊಂಡು ಬಂದಳು. ಅದೇ ವಾರ ಅಪ್ಪ, ಅಮ್ಮ, ತಾನು ಮೂವರದ್ದೂ ಆಧಾರಿಗೆ ಹೊಸ ಮೊಬೈಲ್ ನಂಬರು ಜೋಡಿಸಿ, ಹಳೆಯ ಕಾರ್ಡಿನಿಂದ ಹೆಸರು ಬೇರ್ಪಡಿಸಲು ಅರ್ಜಿ ಹಾಕಿದಳು.